ಬೇಡದ ಫೋಟೋ ತೆಗೆದ ಭಾವ

ನಮ್ಮ ಭಾವನಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ, ಹಲ್ಲು ನೆನಪಿರುತ್ತದೆ. ದಾರಿಯಲ್ಲಿ ಯಾರಾದರೂ ಎದುರಾಗಿ ಮಾತಾಡಿಸಿದರೆ ಇವರು ಕಣ್ಣು ಪಿಳಿಪಿಳಿ ಬಿಡುತ್ತ ನಿಲ್ಲುತ್ತಾರೆ. ಎದುರಿನವರು ನಕ್ಕರೆ ಮಾತ್ರ ಗುರುತು ಹತ್ತುತ್ತದೆ. "ಓಹೋಹೋ, ನೀವಾ! ಮೇಲಿನ ಸಾಲು, ಬಲಗಡೆ ಸ್ವಲ್ಪ ಉಜ್ಜಿ ಕೊಟ್ಟಿದ್ದೆ. ಈಗ ಒತ್ತುತ್ತಾ ಇಲ್ಲ ತಾನೇ?" ಎಂದು ನಡುಬೀದಿಯಲ್ಲಿ ಗಟ್ಟಿಯಾಗಿ ಕೇಳುತ್ತಾರೆ. ಯಾರಿಗೂ ತಿಳಿಯದ ಹಾಗೆ ಹಲ್ಲು ಕಟ್ಟಿಸಿಕೊಂಡಿದ್ದ ಆ ಬಡಪಾಯಿಯ ಮಾನ ಅಲ್ಲೇ ಹರಾಜಾಗುತ್ತದೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಹಲ್ಲಿನ ಸೆಟ್ಟು ಮಾಡುವುದು ಅವರ ಕಸುಬು. ಡಾಕ್ಟರಲ್ಲ. ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಇವರಿಗೆ ಕಳಿಸುತ್ತಾರೆ. ಇವರು ಅದರೊಳಗೆ ಪ್ಲಾಸ್ಟರ್ ಹುಯ್ದು ದವಡೆ ಮಾಡಿಕೊಂಡು, ಮೇಣದ ಮೇಲೆ ಒಂದೊಂದೇ ಹಲ್ಲು ಕೂರಿಸುತ್ತಾರೆ. ಬಾಯಿಗೆ ಹಾಕಿ ನೋಡಿ ಒಪ್ಪಿಗೆಯಾದ ಮೇಲೆ ಮೇಣದ ಜಾಗಕ್ಕೆ ಗುಲಾಬಿ ಬಣ್ಣದ ಗಟ್ಟಿ ವಸಡು ಬರುತ್ತದೆ. ಮನೆಯ ಹಿಂದಿನ ಕೋಣೆಯೇ ಕಾರ್ಖಾನೆ. ಕಿಟಕಿಯ ಕೆಳಗೆ ಮೇಜು, ಅದರ ಮೇಲೆ ಸ್ಪಿರಿಟ್ ದೀಪ, ಉಜ್ಜುವ ಸಣ್ಣ ಮೋಟರು, ಮೇಣ ಕೊರೆಯುವ ಚಾಕುಗಳು. ಗೋಡೆಯ ಉದ್ದಕ್ಕೂ ಹಲಗೆಗಳ ಮೇಲೆ ಊರಿನವರ ದವಡೆಗಳು ಸಾಲಾಗಿ ಕೂತಿರುತ್ತವೆ. ಮದುವೆಯಾದ ಹೊಸದರಲ್ಲಿ ಅಕ್ಕ ಆ ಕೋಣೆ ಗುಡಿಸಲು ಹೋಗಿ ಕಿರುಚಿಕೊಂಡು ಓಡಿಬಂದಿದ್ದಳು. ಈಗ ಅದೇ ದವಡೆಗಳ ಧೂಳು ಒರೆಸುತ್ತ "ಇದ್ಯಾರದ್ರೀ, ಇಷ್ಟು ದೊಡ್ಡ ಬಾಯಿ?" ಎಂದು ವಿಚಾರಿಸುತ್ತಾಳೆ.

ಬೀದಿಯವರು ಭಾವನನ್ನು ಹಲ್ಲಣ್ಣ ಎಂದು ಕರೆಯುತ್ತಾರೆ. ಅದರಲ್ಲಿ ಅವರಿಗೆ ಹೆಮ್ಮೆಯೇ. ಅವರ ಪ್ರಕಾರ ಹಲ್ಲು ಇರುವುದು ಅಗಿಯುವುದಕ್ಕಲ್ಲ, ನಗುವುದಕ್ಕೆ. "ಅಗಿಯೋದೇನು, ಮಿಕ್ಸಿನೂ ಅಗಿಯುತ್ತೆ" ಎನ್ನುತ್ತಾರೆ. ಹಾಗಾಗಿ ಸೆಟ್ಟು ಮಾಡಿಸಲು ಬಂದ ಪ್ರತಿಯೊಬ್ಬರಿಗೂ ಇವರದೊಂದು ಶರತ್ತು: ಹಲ್ಲಿದ್ದ ಕಾಲದಲ್ಲಿ ನಕ್ಕ ಫೋಟೋ ಒಂದು ಬೇಕು. ಜನ ಹಳೆಯ ಆಲ್ಬಮ್ಮು ಹುಡುಕಿ ಫೋನಿಗೆ ಕಳಿಸುತ್ತಾರೆ. ಆಮೇಲೆ ಇವರು ಮೇಣದ ಹಲ್ಲು ಹಾಕಿ ಒಂದು ಫೋಟೋ, ಸೆಟ್ಟು ಕೂತ ಮೇಲೆ ಒಂದು, ಎಡದಿಂದ ಒಂದು, ಬಲದಿಂದ ಒಂದು ತೆಗೆದುಕೊಳ್ಳುತ್ತಾರೆ. ಒಂದನ್ನಾದರೂ ಬಿಸಾಡಬೇಕಲ್ಲ? ಊಹೂಂ. ಅವರ ಫೋನು ತೆರೆದರೆ ಮುಖಗಳಿಲ್ಲ, ಬರೀ ಬಾಯಿಗಳು.

ಇನ್ನು ನಾನು. ಶಾಲೆಯಲ್ಲಿ ಲೆಕ್ಕ ಕಲಿಸುತ್ತೇನೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮಕ್ಕಳೂ ಹೇಳುತ್ತಾರೆ, ಮಕ್ಕಳ ತಂದೆತಾಯಿಗಳೂ ಹೇಳುತ್ತಾರೆ. ಇಡೀ ದಿನ ತರಗತಿಯಲ್ಲಿ ಹತ್ತಿಕ್ಕಿಕೊಂಡ ಸಿಟ್ಟನ್ನು ಸಂಜೆ ಯಾರ ಮೇಲಾದರೂ ಇಳಿಸಬೇಕು. ನಾದಿನಿಯ ಸಿಟ್ಟು ಹೊರಲಿಕ್ಕಲ್ಲದೆ ಭಾವ ಮತ್ತೆ ಯಾಕಿರುವುದು?

ಈಗ ಅಕ್ಕನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಫಜೀತಿ ಶುರುವಾದದ್ದು ಅವಳ ಬಾಯಿಯಿಂದ. ಅಕ್ಕ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿ ನಿಂತಿದೆ, ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಹೇಳುವವಳು. ಅವಳ ಮೇಲಿನ ಸಾಲಿನಲ್ಲಿ ಹಲ್ಲಿನ ಮೇಲೊಂದು ಹಲ್ಲು ಏರಿಕೊಂಡಿತ್ತು. ಆ ಸಂದಿಯಲ್ಲಿ ಗಾಳಿ ನುಗ್ಗಿ, ಅವಳು ಹೇಳುವ ಒಂದೊಂದು 'ಸ'ಕಾರಕ್ಕೂ ಸಣ್ಣ ಸೀಟಿ ಸೇರಿಕೊಳ್ಳುತ್ತಿತ್ತು. ಊರಿನ ಅರ್ಧ ಜನ ಆ ಸೀಟಿ ಕೇಳಿಯೇ ಬಸ್ಸಿಗೆ ಓಡುತ್ತಿದ್ದರು. ಆದರೆ ಅಕ್ಕನಿಗೆ ಆ ಹಲ್ಲು ಅಂದರೆ ಚಿಕ್ಕಂದಿನಿಂದ ನಾಚಿಕೆ. ಯಾರಾದರೂ ಕ್ಯಾಮರಾ ಎತ್ತಿದರೆ ಸಾಕು, ತುಟಿ ಹೊಲಿದುಕೊಂಡಂತೆ ಮುಚ್ಚಿಬಿಡುತ್ತಿದ್ದಳು. ನಗು ತಡೆಯಲಾರದಿದ್ದರೆ ಅಂಗೈ ಅಡ್ಡ ಬರುತ್ತಿತ್ತು.

ಆ ಹಲ್ಲಿಗೂ ಅದರ ಅಕ್ಕಪಕ್ಕದವಕ್ಕೂ ವಸಡಿನ ರೋಗ ಹತ್ತಿತು. ಹಲ್ಲಿನ ಡಾಕ್ಟರು ಮೇಲಿನ ಸಾಲು ಪೂರ್ತಿ ಕಿತ್ತು ಹಾಕಿದರು. ವಸಡು ಒಣಗುವ ತನಕ ಅಕ್ಕ ರಜೆ ಹಾಕಿ ಮನೆಯಲ್ಲಿ ಕೂತಳು. ಅವಳ ಬಾಯಲ್ಲಿ 'ಸ' ಹೋಗಿ 'ಹ' ಬಂತು. ಬಂದದ್ದು ಬಂತು, ಊಟದ ಹೊತ್ತಿಗೆ ಬರಬಾರದಿತ್ತು. ಭಾವ ಹಿಸುಕಿದ ಆಲೂಗಡ್ಡೆ ಬಡಿಸುವರು, ಅಕ್ಕ "ಸಾಕು" ಎನ್ನಲು ಹೋಗಿ "ಹಾಕು" ಎನ್ನುವಳು. ಭಾವ ಇನ್ನೊಂದು ಸೌಟು ಹಾಕುವರು. "ಹಾಕು ರೀ, ಹಾಕು!" ಎಂದು ಅವಳು ಕೂಗಿದಷ್ಟೂ ಇವರು ಹಾಕುತ್ತಲೇ ಹೋಗುವರು. ಕೊನೆಗೆ ತಟ್ಟೆಯ ಮೇಲೆ ಕೈ ಅಡ್ಡ ಇಟ್ಟು, ಅದರ ಮೇಲೂ ಒಂದು ಸೌಟು ಬಿದ್ದ ಮೇಲೆ ಅಕ್ಕ ಎದ್ದು ಹೋಗಿ ಮಲಗಿದಳು. ಅವತ್ತಿನಿಂದ ಮಾತು ಕಡಿಮೆ ಮಾಡಿದಳು, ಬಾಗಿಲಿಗೆ ಯಾರು ಬಂದರೂ ಒಳಗೆ ಸೇರಿಕೊಂಡಳು.

ಸೆಟ್ಟು ಮಾಡುವವರು ಮನೆಯಲ್ಲೇ ಇದ್ದಾರಲ್ಲ, ಚಿಂತೆ ಯಾಕೆ ಎಂದು ನಾವಂದುಕೊಂಡಿದ್ದೆವು. ಭಾವ ಮೊದಲ ಸಲ ಮೇಣದಲ್ಲಿ ಅಚ್ಚುಕಟ್ಟಾದ ಸಾಲು ಜೋಡಿಸಿ ತಂದರು. ಅಕ್ಕ ಹಾಕಿಕೊಂಡು ಕನ್ನಡಿ ನೋಡಿ ಅದನ್ನು ತೆಗೆದು ಮೇಜಿನ ಮೇಲಿಟ್ಟಳು.

"ಚೆನ್ನಾಗಿಲ್ವಾ?" ಎಂದರು ಭಾವ.

"ಚೆನ್ನಾಗಿದೆ. ಆದ್ರೆ ನಾನಲ್ಲ. ಬ್ಯಾಂಕಲ್ಲಿ ಕೂತ್ಕೊಳ್ಳೋ ಆ ಹೆಂಗಹಿನ ಬಾಯಿ ಇದು."

ಅದನ್ನು ಹಾಕಿಕೊಂಡು 'ಸ' ಅಂದು ನೋಡಿದ್ದಳಂತೆ. ಸೀಟಿ ಇಲ್ಲವಂತೆ. ಬದುಕೆಲ್ಲ ಮುಚ್ಚಿಟ್ಟ ಹಲ್ಲು ಈಗ ಬೇಕೇ ಬೇಕು! ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆ ಕೇಳಿದ್ದೆ. ಹಲ್ಲಿದ್ದಾಗ ಹಲ್ಲೇ ಬೇಡವಾಗಿದ್ದವಳನ್ನು ಕಂಡದ್ದು ಇದೇ ಮೊದಲು.

ಭಾವ ಸೊಟ್ಟ ಹಲ್ಲು ಇಡಲು ಕೂತರು. ಯಾವ ಕಡೆ? ಎಡ ಎಂದರು ಭಾವ. ಬಲ ಎಂದಳು ಅಕ್ಕ. "ದಿನಾ ಹಲ್ಲುಜ್ಜಿದೋಳು ನಾನು, ನಂಗೊತ್ತಿಲ್ವಾ?" "ದಿನಾ ನೋಡ್ದೋನು ನಾನಲ್ವೇನೇ?" ನನ್ನನ್ನು ಸಾಕ್ಷಿ ಕರೆದರು. ನನಗೂ ನೆನಪಿರಲಿಲ್ಲ, ನಡುವೆ ಇತ್ತೇನೋ ಎಂದೆ. ಇಬ್ಬರೂ ಸೇರಿ ನನ್ನ ಮೇಲೆ ಬಿದ್ದರು. ಬಲಕ್ಕೆ ಇಟ್ಟದ್ದೂ ಸರಿಬರಲಿಲ್ಲ, ಎಡಕ್ಕೆ ಇಟ್ಟದ್ದು ಕೀಲು ಕಳಚಿದ ಬಾಗಿಲಿನಂತೆ ಕಂಡಿತು. ಎಷ್ಟು ಏರಿತ್ತು, ಎಷ್ಟು ವಾಲಿತ್ತು ಎಂದು ಹೇಳಲು ಒಂದು ಫೋಟೋ ಬೇಕು. ಆಲ್ಬಮ್ಮಿನ ತುಂಬ ಅಕ್ಕ ಬಾಯಿ ಮುಚ್ಚಿಕೊಂಡು ನಿಂತಿದ್ದಾಳೆ. ಊರಿನವರ ನಗುವನ್ನೆಲ್ಲ ಕೂಡಿಟ್ಟ ಮನುಷ್ಯನ ಹತ್ತಿರ ಹೆಂಡತಿಯ ನಗು ಒಂದೂ ಇಲ್ಲ. ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಸುಳ್ಳಲ್ಲ.

ಇತ್ತ ರಜೆ ಮುಗಿಯುತ್ತ ಬಂದಿತ್ತು. ನಿಲ್ದಾಣದಲ್ಲಿ ಯಂತ್ರದ ದನಿಯೊಂದನ್ನು ತಂದು ಕೂರಿಸಿದ್ದರು. ಬರುವ ಸೋಮವಾರ ಮೈಕಿನ ಮುಂದೆ ಕೂರಬೇಕು, ಇಲ್ಲವಾದರೆ ಕೆಲಸ ಬಿಡುತ್ತೇನೆಂದು ಬರೆದುಕೊಡಬೇಕು. "ನನ್ನ ಬಾಯಿ ನಂಗೆ ಬಂದ್ರೆ ಹೋಗ್ತೀನಿ. ಬ್ಯಾಂಕಿನ ಬಾಯಿ ಹಾಕ್ಕೊಂಡು ಹೋಗಲ್ಲ" ಎಂದು ಅಕ್ಕ ಹಟ ಹಿಡಿದಳು. ಹಟವೇನು, ಹೆದರಿಕೆ ಅದು. ಆ ಮೈಕು ಬಿಟ್ಟರೆ ಅಕ್ಕನಿಗೆ ಊರಿನಲ್ಲಿ ಬೇರೆ ಗುರುತಿಲ್ಲ ಎಂದು ನನಗೆ ಗೊತ್ತಿತ್ತು.

ಆಗ ನೆನಪಾದವನು ನಮ್ಮ ಸೋದರಮಾವನ ಮಗ. ಎಲ್ಲರೂ ಸೇರಿದ ಕಡೆಯಲ್ಲೆಲ್ಲ ಫೋನು ಎತ್ತಿಕೊಂಡು ಓಡಾಡುವ ಪ್ರಾಣಿ. ಫೋನು ಮಾಡಿ ಕೇಳಿದೆ. "ಅಕ್ಕ ಬಿದ್ದು ಬಿದ್ದು ನಕ್ಕಿರೋ ವಿಡಿಯೋನೇ ಇದೆ ಕಣೇ! ನಾನು ಕುರ್ಚಿ ಮುರಿದು ಬಿದ್ದೆನಲ್ಲ, ಆವಾಗಿಂದು. ಭಾವನಿಗೆ ಕಳಿಸ್ತೀನಿ" ಎಂದ. ನನ್ನ ಫೋನು ಆ ವಾರವೇ ಬಟ್ಟೆ ನೆನೆಹಾಕಿದ ಬಕೆಟ್ಟಿಗೆ ಬಿದ್ದು ರಿಪೇರಿ ಅಂಗಡಿ ಸೇರಿತ್ತು, ಗುಂಡಿ ಒತ್ತುವ ಹಳೆಯದೊಂದರಲ್ಲಿ ಕಾಲ ಹಾಕುತ್ತಿದ್ದೆ. ಅಕ್ಕನದೂ ಅಂಥದ್ದೇ. ಹಾಗಾಗಿ ವಿಡಿಯೋ ಬರಬೇಕಾದದ್ದು ಭಾವನ ಫೋನಿಗೇ.

ಬರಲಿಲ್ಲ. "ಜಾಗ ಸಾಲದು ಅಂತಿದೆಯಮ್ಮಾ ಇದು" ಎಂದು ಶುಕ್ರವಾರ ಭಾವ ಫೋನು ಮಾಡಿದರು.

ನಾನು ಶಾಲೆಯ ಪಡಸಾಲೆಯಲ್ಲಿದ್ದೆ, ಗಂಟೆ ಹೊಡೆದಿತ್ತು. "ಫೋನು ತುಂಬಿದೆ ಭಾವ. ಬೇಡದ ಫೋಟೋ ಎಲ್ಲ ತೆಗೀರಿ, ಜಾಗ ಆಗುತ್ತೆ" ಎಂದೆ.

"ಬೇಡದ್ದರ ಫೋಟೋನಾ?"

"ಹೌದು ಭಾವ, ಬೇಡದ ಫೋಟೋ. ಎಷ್ಟಿದೆಯೋ ಅಷ್ಟೂ ತೆಗೀರಿ. ದಾಕ್ಷಿಣ್ಯ ನೋಡ್ಬೇಡಿ."

"ಅಷ್ಟೇ ತಾನೇ? ಈಗಲೇ ತೆಗೀತೀನಿ" ಎಂದರು. ಎಷ್ಟು ವಿಧೇಯ ಮನುಷ್ಯ ಎಂದುಕೊಂಡು ನಾನು ತರಗತಿಗೆ ಹೋದೆ.

ಸಂಜೆ ಮತ್ತೆ ಫೋನು ಬಂತು. "ಮನೆ ಎಲ್ಲ ಹುಡುಕಿ ತೆಗೆದೆ ಕಣಮ್ಮಾ. ಅಟ್ಟಾನೂ ಹತ್ತಿದ್ದೆ. ಈಗ ಫೋಟೋ ತೆಗೆಯೋಕೂ ಬಿಡ್ತಿಲ್ಲ ಇದು."

ಫೋಟೋ ತೆಗೆಯಲು ಅಟ್ಟ ಯಾಕೆ ಹತ್ತಬೇಕು ಎಂದು ನನಗೆ ಹೊಳೆಯಲಿಲ್ಲ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ನೇರ ಅವರ ಮನೆಗೆ ಹೋದೆ. ಹಿಂದಿನ ಕೋಣೆಯಲ್ಲಿ ಭಾವನ ಪಕ್ಕ ಸ್ಟೂಲು ಎಳೆದುಕೊಂಡು ಕೂತು ಫೋನು ತೆರೆದೆ. ಮೊದಲ ಫೋಟೋ, ಕಾಲು ಮುರಿದ ಕುರ್ಚಿ. ಎರಡನೆಯದು ತಳ ಹೋದ ಬಕೆಟ್. ಆಮೇಲೆ ನಿಂತುಹೋದ ಗಡಿಯಾರ, ಕಡ್ಡಿ ಮುರಿದ ಕೊಡೆ, ಒಂಟಿ ಚಪ್ಪಲಿ, ಬಿರುಕು ಬಿಟ್ಟ ದವಡೆಗಳು, ಅಟ್ಟದ ಮೇಲಿನ ಹಳೆ ಹಾಸಿಗೆ. ಒಂದೊಂದನ್ನೂ ಹಲ್ಲಿನ ಹಾಗೆಯೇ ಎದುರಿನಿಂದ, ಎಡದಿಂದ, ಬಲದಿಂದ ತೆಗೆದಿದ್ದಾರೆ.

"ಏನ್ ಭಾವ ಇದು?"

"ನೀನೇ ಹೇಳಿದ್ಯಲ್ಲ. ಬೇಡದ್ದು."

ಎತ್ತು ಕರು ಹಾಕಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ. ಬೈಯಲು ಬಾಯಿ ತೆರೆದೆ. ಆದರೆ ಬೈಯುವುದು ಯಾರನ್ನು? ಫೋಟೋ ತೆಗೆ ಎಂದರೆ ಕ್ಯಾಮರಾದಲ್ಲಿ ತೆಗೆ ಎಂದೂ ಆಯಿತು, ತೆಗೆದುಹಾಕು ಎಂದೂ ಆಯಿತು. ನಮ್ಮ ಭಾಷೆಯೇ ಭಾವನ ಕಡೆ ನಿಂತಿತ್ತು. ಅಷ್ಟರಲ್ಲಿ ಮುಂದಿನ ಫೋಟೋ ಬಂತು, ನನ್ನ ಸಿಟ್ಟಿಗೆ ಸರಿಯಾದ ಕಾರಣವೂ ಸಿಕ್ಕಿತು. ಅದು ಅವರ ಮದುವೆಯ ಬೆಳ್ಳಿಹಬ್ಬಕ್ಕೆ ನಾನು ಕೊಟ್ಟ ಹೂದಾನಿ.

"ಇದೂ ಬೇಡದ್ದಾ ಭಾವ?"

ಭಾವ ಮೇಣದ ಚಾಕು ಒರೆಸತೊಡಗಿದರು. "ಅದಲ್ಲಮ್ಮಾ... ಅದರ ಪಕ್ಕ ಒಂದು ತುಕ್ಕು ಹಿಡಿದ ಡಬ್ಬಿ ಇದೆ ನೋಡು, ಅದನ್ನ ತೆಗೆದಿದ್ದು."

"ಡಬ್ಬಿ ಅರ್ಧ ಇದೆ, ಹೂದಾನಿ ಪೂರ್ತಿ ಇದೆ. ಈ ಫೋಟೋ ಮಾತ್ರ ಇಲ್ಲೇ ಇರಲಿ. ನೀವು ನೋಡಿ ನೋಡಿ ನಾಚ್ಕೋಬೇಕು."

ಕುರ್ಚಿ ಬಕೆಟ್ಟುಗಳನ್ನು ಆರಿಸಿ ಒತ್ತಿದೆ. ಅವು ಹೋದರೂ ವಿಡಿಯೋಗೆ ಜಾಗವಾಗಲಿಲ್ಲ. ಇನ್ನು ಹಲ್ಲುಗಳನ್ನು ಮುಟ್ಟಲೇಬೇಕು. ಒಂದು ಬಾಯಿಯನ್ನು ಒತ್ತಿ ಹಿಡಿದೆ. ಫೋನಿನ ಭಾಷೆಯನ್ನು ಭಾವ ಕನ್ನಡಕ್ಕೆ ಇಟ್ಟುಕೊಂಡಿದ್ದರು. 'ಅಳಿಸಬೇಕೇ?' ಎಂದು ಅದು ಕೇಳಿತು.

ಭಾವ ನನ್ನ ಕೈ ಹಿಡಿದುಬಿಟ್ಟರು. "ನೋಡಮ್ಮಾ, ನಗ್ತಾ ಇರೋ ಮನುಷ್ಯನ್ನ ತೋರಿಸಿ ಅಳಿಸಬೇಕೇ ಅಂತ ಕೇಳುತ್ತಲ್ಲ, ಏನು ಜನ್ಮ ಇದರದ್ದು! ನಾನು ನಲವತ್ತು ವರ್ಷದಿಂದ ನಗಿಸೋ ಕೆಲಸ ಮಾಡ್ಕೊಂಡು ಬಂದೋನು."

"ಅಳಿಸೋದು ಅಂದ್ರೆ ಒರೆಸಿಹಾಕೋದು ಭಾವ!"

"ನಿಮ್ಮ ಶಾಲೇಲಿರಬಹುದು. ನಮ್ಮನೇಲಿ ಅಳಿಸೋದು ಅಂದ್ರೆ ಅಳಿಸೋದೇ."

ಒಂದೊಂದು ಬಾಯಿಗೂ ಒಂದೊಂದು ವಕಾಲತ್ತು ಶುರುವಾಯಿತು. ಇವನು ಬ್ಯಾಂಡಿನ ತುತ್ತೂರಿಯವನು, ಹಲ್ಲು ಹೋದ ಮೇಲೆ ಊದಲಾರದೆ ಕೂತಿದ್ದ, ಸೆಟ್ಟು ಹಾಕಿದ ತಕ್ಷಣ ಇದೇ ಕೋಣೆಯಲ್ಲಿ ನಿಂತು ಊದಿದ, ಪಕ್ಕದ ಮನೆಯವರು ಜಗಳಕ್ಕೆ ಬಂದರು. ಇವರು ಜಡ್ಜಾಗಿದ್ದವರು, ಜೀವಮಾನದಲ್ಲಿ ಒಂದೇ ಸಲ ನಕ್ಕದ್ದು, ಅದೂ ಈ ಮೇಜಿನ ಮುಂದೆ. ಮುದುಕಿಯೊಬ್ಬಳ ಫೋಟೋ ಬಂದಾಗ ಭಾವನ ದನಿ ಇಳಿಯಿತು. "ಇವ್ರು ಹೋಗ್ಬಿಟ್ರು. ಆಮೇಲೆ ಮಗಳು ಬಂದು ಈ ಫೋಟೋ ಕೇಳಿ ಇಸ್ಕೊಂಡು ಹೋದ್ಲು. ಮನೇಲಿ ಎಷ್ಟು ಹುಡುಕಿದ್ರೂ ನಕ್ಕಿರೋದು ಒಂದೂ ಇರ್ಲಿಲ್ವಂತೆ. ಇಂಥದ್ದನ್ನ ಹೇಗಮ್ಮಾ ತೆಗೀಲಿ?"

"ತೆಗೀಬೇಡಿ. ಇಟ್ಕೊಳ್ಳಿ."

ಮಾತು ಬಾಗಿಲಿನಿಂದ ಬಂದಿತ್ತು. ಅಕ್ಕ ಆಲೂಗಡ್ಡೆಯ ಬಟ್ಟಲು ಹಿಡಿದು ನಿಂತಿದ್ದಳು. ಯಾವಾಗ ಬಂದಳೋ. ಎಲ್ಲ ಕೇಳಿಸಿಕೊಂಡಿದ್ದಳು.

"ಊರೋರ ಬಾಯೆಲ್ಲ ಜೋಪಾನವಾಗಿ ಇಟ್ಕೊಂಡಿದೀರಿ. ಹೆಂಡ್ತಿದು ಒಂದಾದ್ರೂ ಇದೆಯೇನ್ರೀ?"

"ನೀನು ಬಾಯಿ ಬಿಟ್ರೆ ತಾನೇ ತೆಗೆಯೋದು? ಕ್ಯಾಮರಾ ಕಂಡ್ರೆ..."

"ಬಿಟ್ಟಾಗ ನೋಡಿದ್ರಾ? ಎಡಾನೋ ಬಲಾನೋ ಅಂತ್ಲೇ ಗೊತ್ತಿಲ್ಲ ನಿಮ್ಗೆ!" ಅಕ್ಕನ ಕಣ್ಣಲ್ಲಿ ನೀರು ಬಂದಿತ್ತು. "ಆ ತಳ ಹೋದ ಬಕೆಟ್ ತೆಗೆದ್ರಂತಲ್ಲ, ಅದರ ಜೊತೆ ನಂದೂ ಒಂದು ತೆಗೀರಿ. ನಾನೂ ಬೇಡದ ಹಾಮಾನೇ."

ಸಾಮಾನು ಹಾಮಾನಾದದ್ದಕ್ಕೆ ಬೇರೆ ದಿನವಾಗಿದ್ದರೆ ನಾನು ನಗುತ್ತಿದ್ದೆ. ಅವತ್ತು ನಗು ಬರಲಿಲ್ಲ. ಅಕ್ಕ ಅಡುಗೆಮನೆಗೆ ಹೋದಳು, ಬಟ್ಟಲು ಕುಕ್ಕಿದ ಸದ್ದು ಕೇಳಿಸಿತು. ಭಾವ ಹಲಗೆಯ ಮೇಲಿನ ದವಡೆಗಳನ್ನೊಮ್ಮೆ ನೋಡಿ ಫೋನನ್ನು ನನ್ನ ಕಡೆ ತಳ್ಳಿದರು.

"ಎಲ್ಲಾನೂ ಒಂದೇ ಸಲ ಆರಿಸೋದು ಹೇಗೆ? ಆ ತೀರಿಕೊಂಡವರದ್ದೊಂದು ಬಿಡು. ಮಿಕ್ಕಿದ್ದು ಎಲ್ಲಾನೂ."

ಹೂದಾನಿಯನ್ನೂ ಬಿಟ್ಟು ಮಿಕ್ಕದ್ದೆಲ್ಲ ಆರಿಸಿಕೊಟ್ಟೆ. ಫೋನು ಕೇಳಿದ ಪ್ರಶ್ನೆಗೆ ಭಾವ ತಾವೇ ಬೆರಳು ಒತ್ತಿದರು. ನಗುಗಳೆಲ್ಲ ಮಾಯವಾದವು. ಆದರೆ ಈ ಫೋನುಗಳ ಕಥೆ ಗೊತ್ತಲ್ಲ, ಎಸೆದದ್ದನ್ನೆಲ್ಲ ಕಸದ ಬುಟ್ಟಿಯಲ್ಲಿ ಇಟ್ಟುಕೊಂಡಿರುತ್ತವೆ. ಅದನ್ನು ಖಾಲಿ ಮಾಡದೆ ಜಾಗವಾಗುವುದಿಲ್ಲ. ಬುಟ್ಟಿ ತೆರೆದೆ. 'ಶಾಶ್ವತವಾಗಿ ಅಳಿಸಬೇಕೇ?' ಎಂದು ಕೇಳಿತು.

"ಒಂದು ಸಲ ಅಳಿಸಿದ್ದು ಸಾಲದಂತೆ, ಶಾಶ್ವತವಾಗಿ ಬೇರೆ!" ಎಂದರು ಭಾವ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಅಳಿಸೋದಾದ್ರೆ ಅಳಿಸು. ಊರೆಲ್ಲ ಅಳಲಿ. ನಮ್ಮನೇಲಿ ಒಬ್ಬಳು ನಗಲಿ."

ಇಷ್ಟು ವರ್ಷ ಈ ಮನುಷ್ಯನನ್ನು ಬೈದದ್ದಕ್ಕೆಲ್ಲ ಆ ಕ್ಷಣ ನನಗೆ ಬೇಜಾರಾಯಿತು. ಒಂದು ಕ್ಷಣ ಮಾತ್ರ.

ಜಾಗವಾಯಿತು. ಸೋದರಮಾವನ ಮಗನಿಗೆ ಹೇಳಿದೆ, ವಿಡಿಯೋ ಬಂತು. ಅಕ್ಕನನ್ನು ಕೂಗಿದೆವು. ಬರುವುದಿಲ್ಲ ಎಂದಳು, ಆದರೂ ಬಟ್ಟಲು ಹಿಡಿದುಕೊಂಡೇ ಬಂದು ನಮ್ಮ ಹಿಂದೆ ನಿಂತಳು. ಮೂವರೂ ಪುಟ್ಟ ಪರದೆಯ ಮೇಲೆ ಬಗ್ಗಿದೆವು. ಅವನು ಕುರ್ಚಿಯಲ್ಲಿ ಹಿಂದಕ್ಕೆ ವಾಲುತ್ತಾನೆ, ಲಟಕ್ ಎನ್ನುತ್ತದೆ, ಕಾಲು ಮೇಲೆ ಮಾಡಿ ಬೀಳುತ್ತಾನೆ. ಯಾರೋ ಫೋನನ್ನು ಅಕ್ಕನ ಕಡೆ ತಿರುಗಿಸುತ್ತಾರೆ. ಅಕ್ಕ ಬಿದ್ದು ಬಿದ್ದು ನಗುತ್ತಿದ್ದಾಳೆ, ಭುಜ ಕುಣಿಯುತ್ತಿದೆ, ಕಣ್ಣಲ್ಲಿ ನೀರು. ಬಾಯಿಯ ಮೇಲೆ ಮಾತ್ರ ಅಂಗೈ ಇದೆ. ಭಾವ ಮುಂದೆ ಓಡಿಸಿದರು, ಕೈ ಇದೆ. ಹಿಂದೆ ಓಡಿಸಿದರು, ಕೈ ಇದೆ. ಊರಿನ ನಗುವನ್ನೆಲ್ಲ ಬಲಿಕೊಟ್ಟು ನಾವು ತರಿಸಿಕೊಂಡದ್ದು ಒಂದು ಅಂಗೈ.

ಅಕ್ಕ ಪರದೆಯ ಮೇಲಿನ ತನ್ನನ್ನು ತಾನೇ ಗದರಿಸಿದಳು. "ತೆಗಿಯೇ! ಕೈ ತೆಗಿಯೇ ಮಂಕೇ! ಎಲ್ರೂ ನಗ್ತಿಲ್ವಾ, ನಿಂಗೇನೇ ಬಂತು ದೊಡ್ಡ ರೋಗ? ಹಾಯ್ತೀಯಾ ಕೈ ತೆಗೆದ್ರೆ?"

ಪರದೆಯ ಅಕ್ಕ ಕೇಳಲಿಲ್ಲ, ಇನ್ನೊಂದು ಕೈಯನ್ನೂ ತಂದು ಮುಚ್ಚಿಕೊಂಡಳು. ಅದನ್ನು ಕಂಡು ನಮ್ಮ ಅಕ್ಕನಿಗೆ ನಗು ಒತ್ತರಿಸಿ ಬಂತು. ಒಂದು ಕೈಯಲ್ಲಿ ಬಟ್ಟಲು, ಒಂದು ಕೈಯಲ್ಲಿ ಚಮಚ, ಮುಚ್ಚಿಕೊಳ್ಳಲು ಮೂರನೆಯ ಕೈ ಇಲ್ಲ. ಬೊಚ್ಚುಬಾಯಿ ಪೂರ್ತಿ ತೆರೆದು, ತಲೆ ಹಿಂದಕ್ಕೆ ಹಾಕಿ ನಕ್ಕಳು. ಅವಳ ಆ ನಗು ಕೇಳಿ ಎಷ್ಟು ತಿಂಗಳಾಗಿತ್ತು! ನಾನೂ ನಕ್ಕೆ. ನಗದವರು ಭಾವ ಒಬ್ಬರೇ. ಅವರು ಫೋನು ಎತ್ತಿ ಕ್ಲಿಕ್ ಎನಿಸಿದರು.

"ಅಯ್ಯೋ! ಏನ್ರೀ ಮಾಡಿದ್ರಿ? ತೆಗೀರಿ ಅದನ್ನ! ಮೊದ್ಲು ತೆಗೀರಿ!" ಎಂದು ಅಕ್ಕ ಚೀರಿದಳು.

"ತೆಗೀತೀನಿ ಇರು" ಎಂದು ಭಾವ ಇನ್ನೊಂದು ತೆಗೆದರು.

ಈ ಸಲ ಅವರಿಗೆ ಅರ್ಥವಾಗಿತ್ತು. ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದರಲ್ಲ, ಅದಕ್ಕೇ ಹೇಳುತ್ತೇನೆ. ಆಮೇಲೆ ಫೋಟೋವನ್ನು ಬೆರಳಲ್ಲಿ ದೊಡ್ಡದು ಮಾಡಿ ನೋಡತೊಡಗಿದವರು ನೋಡುತ್ತಲೇ ಇದ್ದುಬಿಟ್ಟರು.

"ಇಲ್ಲಿ ನೋಡಮ್ಮಾ. ಮೇಲಿನ ತುಟಿ. ಈ ಕಡೆ ಪೂರ್ತಿ ಎದ್ದಿದೆ. ಇಲ್ಲಿ ಮಾತ್ರ ಕೆಳಗೆ ಎಳ್ಕೊಂಡಿದೆ. ಯಾರನ್ನ ಮುಚ್ತಾ ಇದೆ ಅದು?"

ನಾನು ನೋಡಿದೆ. ಮೇಲಿನ ಸಾಲಲ್ಲಿ ಹಲ್ಲೇ ಇಲ್ಲ. ಆದರೂ ಅಕ್ಕನ ತುಟಿ ತನ್ನ ಹಳೆಯ ಕೆಲಸ ಬಿಟ್ಟಿರಲಿಲ್ಲ. ಇಲ್ಲದ ಹಲ್ಲನ್ನು ಮುಚ್ಚಿಕೊಂಡೇ ನಗುತ್ತಿತ್ತು.

"ಇಲ್ಲೇ ಇದ್ದ ಅವನು. ಇಷ್ಟೇ ಅಗಲ, ಇಷ್ಟೇ ಏರಿದ್ದ" ಎಂದರು ಭಾವ. ಅಕ್ಕ ಬಟ್ಟಲು ಕೆಳಗಿಟ್ಟು ಮುಂದೆ ಬಂದಳು. ಎಡವೋ ಬಲವೋ ಎಂದು ನೀವು ಕೇಳಬಹುದು. ಎಡ. ಅಕ್ಕ ಇವತ್ತಿನವರೆಗೂ ಒಪ್ಪಿಲ್ಲ. ಕನ್ನಡಿಯಲ್ಲಿ ಬಲಗಡೆ ಇತ್ತು ಎನ್ನುತ್ತಾಳೆ, ಕನ್ನಡಿಯಲ್ಲಿ ಎಡ ಎಡಕ್ಕೇ ಕಾಣುತ್ತದೆ ಎಂದು ಲೆಕ್ಕದ ಮೇಡಮ್ಮಾದ ನಾನು ಹೇಳಿದರೂ ಕೇಳುವುದಿಲ್ಲ.

ಭಾನುವಾರ ಪೂರ್ತಿ ಹಿಂದಿನ ಕೋಣೆಯಿಂದ ಮೋಟರಿನ ಸದ್ದು ಬರುತ್ತಿತ್ತು. ಮಧ್ಯಾಹ್ನ ಮೇಣದ ಸಾಲು ಹಾಕಿ ನೋಡಿದರು, ಒಂದಿಷ್ಟು ಉಜ್ಜಿದರು, ಸಂಜೆಗೆ ಸೆಟ್ಟು ತಯಾರಾಯಿತು. ಅಕ್ಕ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಳು. ಭಾವ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದರು. ಪರೀಕ್ಷೆಯ ಫಲಿತಾಂಶ ಕಾಯುವ ಹುಡುಗರನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಅಂಥ ಮುಖ ನೋಡಿರಲಿಲ್ಲ. ಅಕ್ಕ ಹಲ್ಲು ಕಿಸಿದಳು, ಮುಚ್ಚಿದಳು, ಮತ್ತೆ ಕಿಸಿದಳು.

"ಸ" ಎಂದಳು. ಸೀಟಿ ಬಂತು.

"ಈ ಹಾಳು ಹಲ್ಲು ಮತ್ತೆ ಬಂತಲ್ರೀ!" ಎಂದಳು. ಬೈಗುಳವೇ, ಆದರೆ ಅಷ್ಟು ಪ್ರೀತಿಯ ಬೈಗುಳ ನನ್ನ ಕಿವಿಗೆ ಎಂದೂ ಬಿದ್ದಿಲ್ಲ. ಹೇಳುತ್ತ ನಕ್ಕಳು, ಕೈ ಕೆಳಗೇ ಇತ್ತು. ಭಾವ ಗೋಡೆಯ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು. 'ಅಳಿಸಬೇಕೇ' ಎಂದು ಫೋನು ಅವತ್ತು ಕೇಳಿದ್ದಕ್ಕೆ ಕಡೆಗೂ ಅತ್ತವರು ಅವರೊಬ್ಬರೇ.

ಸೋಮವಾರ ನಾನು ಬೇಕೆಂದೇ ಬಸ್ ನಿಲ್ದಾಣದ ದಾರಿ ಹಿಡಿದು ಶಾಲೆಗೆ ಹೊರಟೆ. ಮೈಕಿನಲ್ಲಿ "ಸಂಖ್ಯೆ ಏಳರಲ್ಲಿ ನಿಂತಿರುವ ಬಸ್ಸು" ಎಂದು ಕೇಳಿತು, ಒಂದೊಂದು 'ಸ'ಕ್ಕೂ ಒಂದೊಂದು ಸೀಟಿ. ಕಡಲೆಕಾಯಿ ಮಾರುವವನು ತಲೆಯೆತ್ತಿ "ಬಂದ್ರಪ್ಪಾ ಅಮ್ಮಾವ್ರು" ಎಂದ. ನಾನು ಕೇಳುತ್ತ ನಿಂತೆ, ಹತ್ತಬೇಕಾದ ಬಸ್ಸು ತಪ್ಪಿತು.

ಕಥೆ ಇಲ್ಲಿಗೇ ಮುಗಿಯಬೇಕಿತ್ತು. ಮೊನ್ನೆ ಅವರ ಮನೆಗೆ ಹೋದರೆ ಭಾವ ಮತ್ತೆ ಫೋನು ಮುಂದೆ ಹಿಡಿದರು. "ಜಾಗ ಸಾಲದು ಅಂತಿದೆಯಮ್ಮಾ."

ತೆರೆದು ನೋಡಿದೆ. ತುಂಬ ಅಕ್ಕ. ಚಹಾ ಸೋಸುತ್ತಿರುವ ಅಕ್ಕ, ಬಟ್ಟೆ ಒಣಹಾಕುತ್ತಿರುವ ಅಕ್ಕ, ಬೈಯುತ್ತಿರುವ ಅಕ್ಕ, ಬೈದು ನಗುತ್ತಿರುವ ಅಕ್ಕ. ಅರ್ಧಕ್ಕರ್ಧ ಫೋಟೋಗಳಲ್ಲಿ ಅವಳು ಕೈಯೆತ್ತಿ "ತೆಗೀರಿ" ಎನ್ನುತ್ತಿರುವುದು ಬಾಯಿ ನೋಡಿದರೇ ಗೊತ್ತಾಗುತ್ತದೆ. ಎಲ್ಲಕ್ಕಿಂತ ಮೊದಲಿನದು ಆ ಬೊಚ್ಚುಬಾಯಿಯದು.

"ಬೇಡದ್ದನ್ನ ತೆಗೀರಿ ಅಂತ ಬಡ್ಕೊಂಡಿದ್ದೆನಲ್ಲ ಭಾವ!"

"ಬೇಕಾದ್ದನ್ನೇ ತೆಗೀತಾ ಇದೀನಲ್ಲಮ್ಮಾ" ಎಂದರು.

ಅಡುಗೆಮನೆಯ ಬಾಗಿಲಲ್ಲಿ ಅಕ್ಕ ನಿಂತಿದ್ದಳು. "ಸಾಕು ರೀ, ಸಾಕು! ಆ ಬೊಚ್ಚುಬಾಯಿ ಫೋಟೋನ ಇವತ್ತಾದ್ರೂ ತೆಗೀರಿ" ಎಂದಳು. ಸೀಟಿಯೊಂದಿಗೆ, ಸ್ಪಷ್ಟವಾಗಿ.

"ಏನಂದೆ? ಹಾಕು ಅಂದ್ಯಾ?" ಎನ್ನುತ್ತ ಭಾವ ಫೋನು ಎತ್ತಿದರು. ಅಕ್ಕ ನಗತೊಡಗಿದಳು. ಫೋನು ಜಾಗ ಸಾಲದು ಎಂದಿತು. ಭಾವ ಅವಸರದಿಂದ ನಾನು ಕೊಟ್ಟ ಹೂದಾನಿಯ ಫೋಟೋ ಹುಡುಕಿ, ನನ್ನ ಕಣ್ಣೆದುರಿಗೇ ಅದನ್ನು ಶಾಶ್ವತವಾಗಿ ಅಳಿಸಿದರು. "ಬೇಗ ತೆಗೀರಿ ಭಾವ" ಎಂದೆ.